ಹಾಮಿದನ ಚಿಮಟ, ತರಗತಿಯ ಥರ್ಮಾಕೋಲ್

ಪ್ರೇಮಚಂದರ 'ಈದ್ಗಾಹ್' ಆಟಿಕೆಗಳ ಕತೆಯೂ ಹೌದು. ಗೆಳೆಯರು ಮಣ್ಣಿನ ಸಿಪಾಯಿ, ಭಿಸ್ತಿ, ವಕೀಲರನ್ನು ಕೊಳ್ಳುತ್ತಾರೆ. ಮೂರೇ ಪೈಸೆಯ ಅನಾಥ ಹುಡುಗ ಹಾಮಿದ್, ರೊಟ್ಟಿ ಮಾಡುವಾಗ ಅಜ್ಜಿ ಅಮೀನಾಳ ಕೈ ಸುಡುವುದನ್ನು ನೆನೆದು ಕಬ್ಬಿಣದ ಚಿಮಟ ಕೊಳ್ಳುತ್ತಾನೆ. ಗೆಳೆಯರು ನಕ್ಕರೆ ಅದನ್ನು ಹೆಗಲಿಗೇರಿಸಿ ಬಂದೂಕು ಎನ್ನುತ್ತಾನೆ. ಕೈಯಲ್ಲಿ ಹಿಡಿದರೆ ಅದೇ ಫಕೀರರ ಚಿಮಟ. ಮನೆ ಮುಟ್ಟಿದ ಮೇಲೆ ಮಣ್ಣಿನ ಆಟಿಕೆಗಳು ಒಡೆದುಹೋಗುತ್ತವೆ. ನಮ್ಮ ತರಗತಿಗಳ ಕಲಿಕೋಪಕರಣಗಳನ್ನು ಈ ಕತೆಯ ಪಕ್ಕದಲ್ಲಿಟ್ಟು ನೋಡಬೇಕೆನಿಸುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ 2009ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಸರ್ವ ಶಿಕ್ಷಾ ಅಭಿಯಾನದ ದಿನಗಳಲ್ಲಿ ಕಲಿಕೋಪಕರಣಕ್ಕೆಂದೇ ಶಿಕ್ಷಕರೊಬ್ಬರಿಗೆ ವರ್ಷಕ್ಕೆ 500 ರೂಪಾಯಿ ಕೊಡಲಾಗುತ್ತಿತ್ತು. ಆದರೆ ರಾಯಚೂರು ನಗರದ ಪ್ರದರ್ಶನಗಳಲ್ಲಿ ನಾನು ಕಂಡ ಥರ್ಮಾಕೋಲಿನ ಕಾಡು, ಹುಲಿ, ಗುಡಿಸಲುಗಳು ಬಹುಪಾಲು ಶಿಕ್ಷಕರೇ ರಾತ್ರಿ ಕೂತು ಮಾಡಿದಂಥವು. ಬಹುಮಾನ ಬಂದ ಮೇಲೆ ಪ್ಲಾಸ್ಟಿಕ್ ಹೊದ್ದು ಕಪಾಟು ಸೇರುತ್ತವೆ. ಮುಟ್ಟಬಾರದ ಹುಲಿಯಿಂದ ಮಗುವಿಗೇನು ಕತೆ ಸಿಕ್ಕೀತು? ಶಿಕ್ಷಕರ ಶ್ರಮವನ್ನು ಹಗುರ ಮಾಡುತ್ತಿಲ್ಲ. ಐದು ತರಗತಿಗೆ ಇಬ್ಬರೇ ಇರುವ ಕಡೆ ಅಷ್ಟು ಮಾಡಿದ್ದೇ ದೊಡ್ಡದು. ತಕರಾರು ಇರುವುದು ಅಂದ ನೋಡಿ ಅಂಕ ಹಾಕುವವರ ಬಗ್ಗೆ.

ದೇವದುರ್ಗ, ಮಾನ್ವಿ ಕಡೆಯ ಹಳ್ಳಿ ಮಕ್ಕಳಿಗೆ ಕೈಕೆಲಸ ಹೊಸದಲ್ಲ. ಜೋಳದ ದಂಟಿನಲ್ಲಿ ಬಂಡಿ ಕಟ್ಟುತ್ತಾರೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡುತ್ತಾರೆ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪಿಸಿಕೊಳ್ಳುವ, ಮನೆಯವರೊಂದಿಗೆ ಬೆಂಗಳೂರಿಗೆ ಗುಳೆ ಹೋಗಿ ತಿಂಗಳುಗಳ ನಂತರ ಬರುವ ಮಗು ಓದಿನಲ್ಲಿ ಹಿಂದೆ ಬಿದ್ದಿರುತ್ತದೆ. ಕತೆಗೊಂದು ದಂಟಿನ ಬಂಡಿ ಬೇಕೆಂದರೆ ಮಾತ್ರ, ಗಾಲಿ ಕೂಡಿಸುವುದು ಹೇಗೆಂದು ಉಳಿದವರು ಆ ಮಗುವನ್ನೇ ಕೇಳಬೇಕಾಗುತ್ತದೆ. ಉಪಕರಣವನ್ನು ಮಕ್ಕಳೇ ಮಾಡಬೇಕು ಎನ್ನುವುದು ಇದಕ್ಕೇ. ಸೊಟ್ಟಗಾದರೆ ಆಗಲಿ, ಕತೆ ಮುಗಿಯುವಷ್ಟರಲ್ಲಿ ಮುರಿದರೂ ಮುರಿಯಲಿ.

'ಈದ್ಗಾಹ್' ಹೇಳಲು ಅದೂ ಬೇಡ. ಅಡುಗೆ ಮನೆಯ ಚಿಮಟ ಸಾಕು. ಪುಸ್ತಕದ ಕನ್ನಡದಲ್ಲಿ ಅದು ಇಕ್ಕಳ. ದಖನಿ ಮಾತಾಡುವ ಮನೆಯ ಮಗುವಿಗೆ ಚಿಮಟಾ. ಕನ್ನಡ ತರಗತಿಯಲ್ಲಿ ಬಾಯಿ ಬಿಡಲು ಅಂಜುವ ಆ ಮಗುವಿಗೆ, ವಸ್ತು ಎದುರಿಗಿದ್ದರೆ ತನ್ನ ಪದದಿಂದಲೇ ಶುರು ಮಾಡುವ ಧೈರ್ಯ ಬರುತ್ತದೆ. ಅದು ಮತ್ತೆ ಬಂದೂಕಾಗಲಿ, ತಾಳವಾಗಲಿ, ಮಕ್ಕಳು ಹೇಳಿದ್ದಾಗಲಿ.

ಆದರೆ ಕೊನೆಗೆ ಅಮೀನಾ ಅಳುವ ಭಾಗ ಬಂದಾಗ ಚಿಮಟವನ್ನೂ ಕೆಳಗಿಟ್ಟು ನಿಧಾನವಾಗಿ ಓದಬೇಕು. ಗೊಂಬೆ ಕುಣಿಸುತ್ತಲೇ ಅದನ್ನು ದಾಟಿಸಿದ ತರಗತಿಯನ್ನೂ ನೋಡಿದ್ದೇನೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅಜ್ಜಿ ಯಾಕೆ ಅತ್ತಳೆಂದು ಒಂದು ಮಗುವೂ ಕೇಳಲಿಲ್ಲ.