ನಾಚಿಕೆಯ ನಿರ್ದೇಶಕ: ಡಿ ಸಿಕಾ ಅವರ ‘ಉಂಬರ್ಟೊ ಡಿ’

ವಿಟ್ಟೋರಿಯೊ ಡಿ ಸಿಕಾ ಅತಿಭಾವುಕ ನಿರ್ದೇಶಕ ಎಂಬ ಆಕ್ಷೇಪ ಹಳೆಯದು. ‘ಬೈಸಿಕಲ್ ಥೀವ್ಸ್’ (1948) ನೋಡಿ ಕಣ್ಣೊರೆಸಿಕೊಂಡವರಲ್ಲೇ ಕೆಲವರು ಆಮೇಲೆ ಆ ಕಣ್ಣೀರನ್ನು ಅನುಮಾನಿಸಿದ್ದಾರೆ. ಆದರೆ 1952ರಲ್ಲಿ ಬಿಡುಗಡೆಯಾದ ‘ಉಂಬರ್ಟೊ ಡಿ’ಯ ಮುಂದೆ ಈ ಆಕ್ಷೇಪ ನಿಲ್ಲುವುದಿಲ್ಲ. ಬಡತನ ತೋರಿಸಿ ಅಳಿಸುವುದು ಇಲ್ಲಿ ಅವರ ಉದ್ದೇಶವೇ ಅಲ್ಲ. ಮರ್ಯಾದೆಯಿಂದ ಬಾಳಿದವನೊಬ್ಬ ಕೈಚಾಚಬೇಕಾಗಿ ಬಂದಾಗ ಪಡುವ ನಾಚಿಕೆಯನ್ನು ಅವರು ಹಿಡಿದಿದ್ದಾರೆ.

ರೋಮಿನ ನಿವೃತ್ತ ಸರ್ಕಾರಿ ನೌಕರ ಉಂಬರ್ಟೊಗೆ ಪಿಂಚಣಿ ಸಾಲದು, ಬಾಡಿಗೆ ಬಾಕಿ ಬೆಳೆಯುತ್ತಿದೆ. ಬೀದಿಯಲ್ಲಿ ನಿಂತು ಭಿಕ್ಷೆಗೆ ಕೈ ಒಡ್ಡುತ್ತಾನೆ. ದಾರಿಹೋಕನೊಬ್ಬ ಕಾಸು ಕೊಡಲು ಬಂದದ್ದೇ ತಡ, ಮಳೆಹನಿ ಬೀಳುತ್ತಿದೆಯೇ ಎಂದು ನೋಡುವವನಂತೆ ಅಂಗೈ ಮಗುಚಿಬಿಡುತ್ತಾನೆ. ಮಾತಿಲ್ಲದ ಈ ಒಂದು ಚಲನೆಯಲ್ಲಿ ಅವನ ಇಡೀ ಹಿಂದಿನ ಬದುಕು ಇದೆ. ಪಾತ್ರ ವಹಿಸಿದ ಕಾರ್ಲೊ ಬಟ್ಟಿಸ್ಟಿ ವೃತ್ತಿನಟರಲ್ಲ, ಭಾಷಾಶಾಸ್ತ್ರದ ಪ್ರಾಧ್ಯಾಪಕರು. ಇನ್ನು ಉಂಬರ್ಟೊ ಬಾಡಿಗೆಗಿರುವ ಮನೆಯ ಕೆಲಸದ ಹುಡುಗಿ ಮರಿಯಾಳ ಬೆಳಗು: ಗೋಡೆಗೆ ಕಡ್ಡಿ ಗೀರುತ್ತಾಳೆ, ಇರುವೆಗಳ ಮೇಲೆ ನೀರು ಹಾಯಿಸುತ್ತಾಳೆ, ಕಾಫಿಬೀಜ ಪುಡಿ ಮಾಡುತ್ತ ಕೂತಲ್ಲಿಂದಲೇ ಕಾಲು ನೀಡಿ ಹೆಬ್ಬೆರಳಿನಿಂದ ಬಾಗಿಲು ತಳ್ಳುತ್ತಾಳೆ. ಬಸುರಿ ಹುಡುಗಿ ಅವಳು. ಪರಿಚಯದ ಇಬ್ಬರು ಸೈನಿಕರೂ ಹೊಣೆ ಒಪ್ಪುತ್ತಿಲ್ಲ. ಕಣ್ಣೀರು ಇಳಿಯುತ್ತದೆ, ಕೈಗೆಲಸ ನಿಲ್ಲುವುದಿಲ್ಲ. ಕಥೆ ಮುಂದೆ ಸಾಗದ ಈ ನಿಮಿಷಗಳಿಗೆ ಜಾಗ ಕೊಟ್ಟದ್ದೇ ಡಿ ಸಿಕಾ ಮತ್ತು ಚಿತ್ರಕಥೆಗಾರ ಚೆಸಾರೆ ಜವಾಟ್ಟಿನಿ ಅವರ ದೊಡ್ಡ ಸಾಧನೆ.

ಹಾಗಾದರೆ ಉಂಬರ್ಟೊನ ನಾಯಿ ಫ್ಲೈಕ್? ಮುದುಕನ ಜೊತೆಗೊಂದು ಮುದ್ದು ನಾಯಿ ಇಟ್ಟರೆ ಯಾರಿಗಾದರೂ ಕರುಳು ಚುರುಕ್ ಎನ್ನುತ್ತದೆ, ನಿಜ. ಹಿನ್ನೆಲೆ ಸಂಗೀತ ಕೆಲವೆಡೆ ಅತಿಯಾಯಿತೆಂದೂ ಒಪ್ಪಬೇಕು. ಆದರೆ ಸಾಯಲೆಂದು ಉಂಬರ್ಟೊ ರೈಲಿನ ಹತ್ತಿರ ನಿಂತಾಗ ಫ್ಲೈಕ್ ತೋಳಿನಿಂದ ಕೊಸರಿಕೊಂಡು ಓಡುತ್ತದೆ, ಆಮೇಲೆ ಅವನನ್ನೇ ನಂಬುವುದಿಲ್ಲ. ಬರೀ ಅಳಿಸಲು ಹೊರಟವರು ನಾಯಿಯ ಕಣ್ಣಲ್ಲೂ ನಾಯಕನನ್ನು ತಪ್ಪಿತಸ್ಥನನ್ನಾಗಿ ಮಾಡುತ್ತಿರಲಿಲ್ಲ. ಕೊನೆಗೆ ನಾಯಿ ಮರಳುತ್ತದೆ. ಸೂರು ಸಿಗುವುದಿಲ್ಲ, ಪಿಂಚಣಿ ಏರುವುದಿಲ್ಲ.

ಅಂದು ಸರ್ಕಾರದಲ್ಲಿದ್ದ ಜೂಲಿಯೊ ಆಂಡ್ರಿಯೊಟ್ಟಿ, ಚಿತ್ರ ದೇಶದ ಹೆಸರು ಕೆಡಿಸುತ್ತದೆಂದು ಬಹಿರಂಗವಾಗಿಯೇ ಆಕ್ಷೇಪಿಸಿದ್ದರು. ಹೆಸರು ಕೆಡಿಸಿದ್ದು ಮುದುಕರನ್ನು ಬೀದಿಗೆ ತಳ್ಳಿದ ವ್ಯವಸ್ಥೆ, ಅದನ್ನು ತೋರಿಸಿದ ಕ್ಯಾಮೆರಾ ಅಲ್ಲ. ಚಿತ್ರ ಇಟಲಿಯಲ್ಲಿ ಓಡಲಿಲ್ಲ. ಆದರೂ ಡಿ ಸಿಕಾ ಅವರ ಒಂದೇ ಚಿತ್ರ ನೋಡುವಷ್ಟು ಬಿಡುವಿರುವವರು ‘ಬೈಸಿಕಲ್ ಥೀವ್ಸ್’ ಬದಿಗಿಟ್ಟು ಇದನ್ನೇ ನೋಡಬೇಕು.