ನಿದಾನಶಲ್ಯ ಮತ್ತು ನಿತ್ಯತೃಪ್ತಿ: ಪಂಪನ ‘ಆದಿಪುರಾಣ’ದ ಒಂದು ವಿವೇಚನೆ

ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ‘ಆದಿಪುರಾಣ’ವನ್ನು ಭೋಗ-ತ್ಯಾಗಗಳ ಕಾವ್ಯವೆಂದು ಕರೆಯುವುದು ರೂಢಿಯಾಗಿದೆ. ಭೋಗವರ್ಣನೆಯಲ್ಲಿ ಕವಿಯು ಮೈಮರೆತನೆಂದೂ, ತ್ಯಾಗದ ಬೋಧೆಯನ್ನು ಅವನೊಳಗಿನ ಶ್ರಾವಕನು ಸೇರಿಸಿದನೆಂದೂ ಹೇಳುವವರುಂಟು. ಈ ವಿಭಜನೆಯು ಸುಲಭವಾದುದೇನೋ ನಿಜ. ಆದರೆ ಕಥಾಸೂತ್ರವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ನಡೆದ ಓದುಗನಿಗೆ ಕಾವ್ಯದ ತಿರುಳು ಬೇರೆಡೆಯಲ್ಲಿ ಇರುವಂತೆ ತೋರುತ್ತದೆ. ಧರ್ಮವನ್ನು ಆಚರಿಸಿ ಅದಕ್ಕೆ ಪ್ರತಿಯಾಗಿ ಲೋಕದ ಸಿರಿಯನ್ನು ಬೇಡುವ ಜೀವವು ಎಂದಿಗಾದರೂ ತೃಪ್ತಿಯನ್ನು ಕಂಡೀತೆ? ಪಂಪನ ಪ್ರಶ್ನೆ ಇದು.

ಈ ಪ್ರಶ್ನೆಯ ಬೀಜವು ಜಯವರ್ಮನ ವೃತ್ತಾಂತದಲ್ಲಿದೆ. ತಂದೆಯು ಕಿರಿಯ ಮಗನಿಗೆ ಪಟ್ಟ ಕಟ್ಟಿದನೆಂಬ ನೋವಿನಿಂದ ಜಯವರ್ಮನು ದೀಕ್ಷೆ ವಹಿಸುತ್ತಾನೆ. ತಪಸ್ಸಿನಲ್ಲಿದ್ದಾಗ ಆಕಾಶದಲ್ಲಿ ವೈಭವದಿಂದ ಸಾಗುವ ವಿದ್ಯಾಧರನೊಬ್ಬನನ್ನು ಕಂಡು, ತನ್ನ ತಪಸ್ಸಿಗೆ ಫಲವಿದ್ದರೆ ಅಂತಹ ಸಿರಿಯೇ ದೊರೆಯಲೆಂದು ಬಯಸುತ್ತಾನೆ. ಆಗಲೇ ಹಾವು ಕಚ್ಚಿ ಸಾಯುತ್ತಾನೆ; ಮುಂದಿನ ಭವದಲ್ಲಿ ವಿದ್ಯಾಧರರಾಜ ಮಹಾಬಲನಾಗಿ ಹುಟ್ಟುತ್ತಾನೆ. ಬೇಡಿದುದು ದೊರೆಯಿತು. ಶಾಸ್ತ್ರವು ಇದನ್ನು ನಿದಾನವೆಂದು ಕರೆದು, ಮಾಯೆ ಮತ್ತು ಮಿಥ್ಯಾತ್ವಗಳೊಡನೆ ಮೂರು ಶಲ್ಯಗಳಲ್ಲಿ ಒಂದೆಂದು ಎಣಿಸಿದೆ. ಶಲ್ಯವೆಂದರೆ ಮೈಯಲ್ಲಿ ಮುರಿದು ಉಳಿದ ಮುಳ್ಳು. ಮೇಲಿನ ಗಾಯ ಮಾಯ್ದರೂ ಒಳಗಿನ ನೋವು ನಿಲ್ಲದು.

ಮುಂದಿನ ಭವಗಳೆಲ್ಲವೂ ಈ ಮುಳ್ಳಿನ ಚರಿತ್ರೆಯೇ ಆಗಿವೆ. ಮಂತ್ರಿ ಸ್ವಯಂಬುದ್ಧನ ಹಿತವಚನದಿಂದ ಎಚ್ಚೆತ್ತ ಮಹಾಬಲನು ಸಲ್ಲೇಖನದಿಂದ ದೇಹವನ್ನು ಬಿಟ್ಟು ಈಶಾನಕಲ್ಪದಲ್ಲಿ ಲಲಿತಾಂಗದೇವನಾಗುತ್ತಾನೆ. ಸ್ವರ್ಗದಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಆಯುಷ್ಯ ತೀರುವ ಕಾಲಕ್ಕೆ ಕೊರಳಿನ ಮಾಲೆ ಬಾಡಿದಾಗ ದೇವನು ದೀನನಂತೆ ನಡುಗುತ್ತಾನೆ. ವ್ಯಾಪಾರದ ಮರ್ಮ ಬಲ್ಲವರಿಗೆ ಈ ಸನ್ನಿವೇಶವು ಅಪರಿಚಿತವಲ್ಲ. ಆದಾಯವಿಲ್ಲದೆ ಮೂಲಧನವನ್ನೇ ತೆಗೆದು ತಿನ್ನುವ ಮನೆಯಲ್ಲಿ ಕೊನೆಯ ದಿನದವರೆಗೂ ಊಟವು ಸಮೃದ್ಧವಾಗಿಯೇ ಇರುತ್ತದೆ. ಪುಣ್ಯವು ಅಂತಹ ಮೂಲಧನ. ಸ್ವರ್ಗವು ಅದರ ವೆಚ್ಚ.

ವಜ್ರಜಂಘ-ಶ್ರೀಮತಿಯರ ಮರಣವನ್ನು ಪಂಪನು ಇನ್ನೂ ಸೂಕ್ಷ್ಮವಾಗಿ ನಿರ್ವಹಿಸಿದ್ದಾನೆ. ಶತ್ರುವಿಲ್ಲ, ರೋಗವಿಲ್ಲ, ಶಯ್ಯಾಗೃಹದ ಸುಖಕ್ಕೆಂದು ಇಟ್ಟ ಧೂಪದ ಹೊಗೆಯೇ ಉಸಿರನ್ನು ಕಟ್ಟುತ್ತದೆ. ಕವಿಯು ಇಲ್ಲಿ ದಂಪತಿಗಳನ್ನು ಹಳಿಯುವುದಿಲ್ಲ; ಅವರ ಪ್ರೇಮವನ್ನು ಗೌರವದಿಂದಲೇ ಕಾಣುತ್ತಾನೆ. ಸುಖದ ಸಾಧನವೇ ಕೇಡಿನ ಸಾಧನವಾದುದನ್ನು ತೋರಿಸಿ ಸುಮ್ಮನಾಗುತ್ತಾನೆ. ಆ ಜೀವಗಳು ಮುನಿಗಳಿಗೆ ನೀಡಿದ ಆಹಾರದಾನದ ಫಲದಿಂದ ಭೋಗಭೂಮಿಯಲ್ಲಿ ಹುಟ್ಟುತ್ತವೆ. ಹತ್ತು ಬಗೆಯ ಕಲ್ಪವೃಕ್ಷಗಳು ಬಯಸಿದುದನ್ನೆಲ್ಲ ಕೊಡುವ ನೆಲವದು. ಸ್ವಯಂಬುದ್ಧನ ಜೀವವು ಚಾರಣಮುನಿಯಾಗಿ ಬಂದು ಅವರಿಗೆ ಸಮ್ಯಕ್ತ್ವವನ್ನು ಬೋಧಿಸುವುದು ಅಲ್ಲಿಯೇ. ಈ ಸ್ಥಳದ ಮಹತ್ವವನ್ನು ವಿಮರ್ಶೆಯು ಸಾಕಷ್ಟು ಗಮನಿಸಿಲ್ಲ. ಬೇಡಲು ಏನೂ ಉಳಿಯದ ಕಡೆಯಲ್ಲಿಯೂ ಜೀವಕ್ಕೆ ಬೇಕಾದುದೊಂದು ಉಳಿದಿತ್ತು. ಕಲ್ಪವೃಕ್ಷವು ಅದನ್ನು ಕೊಡಲಾರದಾಗಿತ್ತು.

ಈ ದೃಷ್ಟಿಯಿಂದ ನೋಡಿದರೆ ನೀಲಾಂಜನೆಯ ನೃತ್ಯವೂ ಹೊಸ ಅರ್ಥವನ್ನು ಕೊಡುತ್ತದೆ. ನರ್ತಿಸುತ್ತಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅವಳಂತೆಯೇ ಇರುವ ಮತ್ತೊಬ್ಬಳನ್ನು ಆ ಕ್ಷಣದಲ್ಲಿಯೇ ನಿಲ್ಲಿಸುತ್ತಾನೆ. ಸಭೆಯ ತೃಪ್ತಿಗೆ ಕುಂದಿಲ್ಲ. ವೃಷಭನಾಥನೊಬ್ಬನೇ ಅಂತರವನ್ನು ಅರಿಯುತ್ತಾನೆ. ಲೋಕದ ಸಿರಿಯು ನಮ್ಮನ್ನು ಹಿಡಿದಿಡುವುದು ಹೀಗೆಯೇ: ಒಂದು ಹೋದಾಗ ಅದರ ತೆರವಿಗೆ ಬೇಗನೆ ಮತ್ತೊಂದು ಬರುತ್ತದೆ, ಹೋದುದು ತಿಳಿಯುವುದೇ ಇಲ್ಲ. ಇನ್ನು ಭರತ ಚಕ್ರವರ್ತಿಯು ಷಟ್ಖಂಡಗಳನ್ನು ಗೆದ್ದು ವೃಷಭಾದ್ರಿಗೆ ಬಂದಾಗ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯೆಲ್ಲ ತುಂಬಿರುವುದನ್ನು ಕಾಣುತ್ತಾನೆ. ತನ್ನ ಹೆಸರಿಗಾಗಿ ಬೇರೊಬ್ಬನ ಹೆಸರನ್ನು ಅಳಿಸಬೇಕಾಗುತ್ತದೆ. ಅಳಿಸಿದ ಕೈಯೇ ನಾಳೆ ತನ್ನ ಹೆಸರಿನ ಗತಿಯನ್ನು ಹೇಳುತ್ತದೆ.

ಕಾವ್ಯದಲ್ಲಿ ಒಂದು ಕೊರತೆಯನ್ನೂ ಹೇಳಬೇಕು. ಜಯವರ್ಮನ ನಿದಾನದ ಪ್ರಸಂಗವು ಮುನಿಯ ಮಾತಿನಲ್ಲಿ ಸಂಕ್ಷೇಪವಾಗಿ ಬಂದುಹೋಗುತ್ತದೆ. ಶ್ರೀಮತಿಯ ವಿರಹವಾದರೋ ವಿಸ್ತಾರವಾಗಿ ಹರಡಿಕೊಂಡಿದೆ. ಆದುದರಿಂದ ಓದುಗನು ರೋಗದ ಲಕ್ಷಣಗಳನ್ನು ನೆನಪಿನಲ್ಲಿಟ್ಟುಕೊಂಡು ಅದರ ಮೂಲವನ್ನು ಮರೆಯುತ್ತಾನೆ. ಭೋಗ-ತ್ಯಾಗಗಳೆಂಬ ಸುಲಭ ವಿಭಜನೆಗೆ ಎಡೆಯಾದುದು ಇದರಿಂದಲೇ.

ಇಂದಿನ ಸಮಾಜಕ್ಕೆ ಈ ಕಾವ್ಯವು ನೇರವಾದ ಮಾತೊಂದನ್ನು ಹೇಳುತ್ತದೆ. ಜಿನನು ವೀತರಾಗನು, ಒಲಿದು ಕೊಡುವವನಲ್ಲ, ಮುನಿದು ಕಸಿಯುವವನೂ ಅಲ್ಲ. ಅಷ್ಟವಿಧಾರ್ಚನೆಯ ಸಂಕಲ್ಪಗಳಲ್ಲಿ ನೈವೇದ್ಯವನ್ನು ಅರ್ಪಿಸುವುದು ಹಸಿವೆಂಬ ರೋಗದ ನಾಶಕ್ಕಾಗಿ, ಫಲವನ್ನು ಅರ್ಪಿಸುವುದು ಮೋಕ್ಷಫಲಕ್ಕಾಗಿ. ಅಂಗಡಿಯ ಲಾಭ, ಮಗನ ಉದ್ಯೋಗ, ಮೊಕದ್ದಮೆಯ ಜಯ ಇವುಗಳಿಗೆ ಅಲ್ಲಿ ಸ್ಥಾನವಿಲ್ಲ. ಆದರೂ ಬಸದಿಗಳಲ್ಲಿ ಕಲಶದ ಸವಾಲು ಏರುವಾಗ ಎಷ್ಟೋ ಮನಸ್ಸುಗಳಲ್ಲಿ ಜಯವರ್ಮನು ಮತ್ತೆ ಹುಟ್ಟುತ್ತಾನೆ. ರೋಗದಲ್ಲಿರುವ ಮಗುವಿಗಾಗಿ ಹೊಂಬುಜದ ಪದ್ಮಾವತಿಯ ಮುಂದೆ ಕಣ್ಣೀರಿಡುವ ತಾಯಿಯನ್ನು ಯಾರೂ ಹೀಗಳೆಯಬಾರದು. ಆ ಅಳಲು ಗೃಹಸ್ಥಧರ್ಮಕ್ಕೆ ಸಹಜವಾದುದು. ಆದರೆ ವ್ರತವನ್ನು ಬೆಲೆಯಾಗಿ ಕೊಟ್ಟು ಸಿರಿಯನ್ನು ಕೊಳ್ಳಹೊರಟವನಿಗೆ ಸಿರಿ ದೊರೆತರೂ ವ್ರತವು ಉಳಿಯುವುದಿಲ್ಲ. ಟ್ರಸ್ಟಿನವರು ದಾನವನ್ನು ಸ್ವೀಕರಿಸುವಾಗ ಲೌಕಿಕ ಫಲದ ಆಸೆಯನ್ನು ತೋರದಿದ್ದರೆ, ಹಿರಿಯರು ಮಕ್ಕಳಿಗೆ ಹರಕೆಗಿಂತ ಮೊದಲು ದರ್ಶನವನ್ನು ಕಲಿಸಿದರೆ, ಮುಳ್ಳು ತೆಗೆಯುವ ಕೆಲಸವು ಆರಂಭವಾದಂತೆಯೇ.

ಹತ್ತು ಭವಗಳ ಅಲೆದಾಟದ ಕೊನೆಯಲ್ಲಿ ಆದಿನಾಥನಿಗೆ ದೊರೆತ ತೃಪ್ತಿಯು ಹೊರಗಿನಿಂದ ಬಂದುದಲ್ಲ. ಬೇಡುವ ಜಯವರ್ಮನ ಒಳಗೂ ಅಂದೇ ಇದ್ದುದು. ಬೇಡಿಕೆಯ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲಿಲ್ಲ.