ಮರು, ಮರಳು, ಶರ್ಕರೆ: ಒಂದು ಶಬ್ದಾರ್ಥವಿಮರ್ಶೆ

ಮರುಭೂಮಿಯೆಂಬ ಪದವು ಕಿವಿಗೆ ಬಿದ್ದೊಡನೆ ಕನ್ನಡ ಓದುಗನ ಮನಸ್ಸಿನಲ್ಲಿ ಮೂಡುವ ಚಿತ್ರವು ಒಂದೇ: ದಿಗಂತದವರೆಗೆ ಅಲೆಯಲೆಯಾಗಿ ಹಬ್ಬಿದ ಮರಳು, ಅದರ ಮೇಲೆ ಕುಣಿಯುವ ಬಿಸಿಲ್ಗುದುರೆ. ಈ ಚಿತ್ರವು ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಮರುಭೂಮಿಗೆ ‘ಮರಳುಗಾಡು’ ಎಂಬುದೇ ಅಚ್ಚಗನ್ನಡದ ಪರ್ಯಾಯಪದವೆಂದು ಪಾಠಗಳಲ್ಲಿಯೂ ಬರಹಗಳಲ್ಲಿಯೂ ನಿಃಶಂಕೆಯಾಗಿ ಪ್ರಯೋಗವಾಗುತ್ತಿದೆ. ಈ ಪರ್ಯಾಯತ್ವವು ಶಬ್ದದೃಷ್ಟಿಯಿಂದ ನಿಲ್ಲುವುದೇ, ವಸ್ತುದೃಷ್ಟಿಯಿಂದ ನಿಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ. ಒಂದು ಪದವು ತಾನು ಸೂಚಿಸುವ ವಸ್ತುವಿನ ಒಂದಂಶವನ್ನೇ ಹಿಡಿದು ಉಳಿದುದನ್ನು ಮರೆಸುವುದಾದರೆ, ಅದರಿಂದ ಹುಟ್ಟುವ ದೋಷವು ಪದದಲ್ಲಿಯೇ ನಿಲ್ಲದೆ ಜ್ಞಾನಕ್ಕೂ ಹರಡುವುದು.

ಮೊದಲು ಶಬ್ದವನ್ನು ನೋಡಬೇಕು. ‘ಮರು’ ಶಬ್ದವನ್ನು ವ್ಯಾಖ್ಯಾನಕಾರರು ಪ್ರಾಣತ್ಯಾಗಾರ್ಥಕವಾದ ಮೃಧಾತುವಿನಿಂದ ಸಾಧಿಸುತ್ತಾರೆ. ನೀರಿಲ್ಲದೆ ಪ್ರಾಣಿಗಳು ಎಲ್ಲಿ ಸಾಯುವುವೋ ಆ ದೇಶವೇ ಮರು. ಅಮರಸಿಂಹನು ಭೂಮಿವರ್ಗದಲ್ಲಿ ಮರು, ಧನ್ವಾ ಎಂಬೆರಡನ್ನು ಸಮಾನಾರ್ಥಕಗಳಾಗಿ ಹೇಳಿ, ನಾನಾರ್ಥವರ್ಗದಲ್ಲಿ ಅದೇ ಮರುಶಬ್ದಕ್ಕೆ ಪರ್ವತವೆಂಬ ಅರ್ಥವನ್ನೂ ಕೊಟ್ಟಿದ್ದಾನೆ. ಈ ಎರಡು ಸ್ಥಳಗಳಲ್ಲಿಯೂ ಮರಳಿನ ಮಾತಿಲ್ಲ. ಜಲಾಭಾವವೇ ಶಬ್ದದ ಪ್ರವೃತ್ತಿನಿಮಿತ್ತವು. ನೆಲವು ಯಾವ ದ್ರವ್ಯದಿಂದಾದುದೆಂಬುದು ಅಲ್ಲ. ಕನ್ನಡದ ‘ಮರಳು’ ಎಂಬುದಾದರೋ ಹಳಗನ್ನಡದ ‘ಮಳಲ್’, ತಮಿಳಿನ ‘ಮಣಲ್’ ಎಂಬಿವುಗಳ ಬಳಗಕ್ಕೆ ಸೇರಿದ ದ್ರಾವಿಡಪದವು. ಮರು, ಮರಳು ಎಂಬಿವುಗಳಿಗೆ ಯಾವ ಕುಲಸಂಬಂಧವೂ ಇಲ್ಲ. ಆದರೂ ಕಿವಿಗೆ ಎರಡೂ ಒಂದೇ ಬಗೆಯಾಗಿ ಕೇಳುವುದರಿಂದ, ಶ್ರುತಿಸಾಮ್ಯವೇ ಅರ್ಥಸಾಮ್ಯಕ್ಕೆ ದಾರಿಮಾಡಿಕೊಟ್ಟಿರುವುದು ಅಸಂಭವವಲ್ಲ.

ಹಾಗಾದರೆ ಪ್ರಾಚೀನರಿಗೆ ನೆಲದ ದ್ರವ್ಯಭೇದವು ತಿಳಿದಿರಲಿಲ್ಲವೇ ಎಂದರೆ, ಚೆನ್ನಾಗಿಯೇ ತಿಳಿದಿದ್ದಿತು. ಪಾಣಿನಿಯು ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, 104 ಮತ್ತು 105ನೆಯ ಸೂತ್ರಗಳಲ್ಲಿ, ಸಿಕತಾ ಮತ್ತು ಶರ್ಕರಾ ಎಂಬೆರಡು ಶಬ್ದಗಳಿಗಾಗಿಯೇ ಪ್ರತ್ಯಯವಿಧಾನವನ್ನು ಮಾಡಿದ್ದಾನೆ. ಸಿಕತೆಯೆಂದರೆ ಮರಳು, ಶರ್ಕರೆಯೆಂದರೆ ನೊರಜುಗಲ್ಲು. ಅವು ಉಳ್ಳದ್ದು ಒಂದು ದೇಶವಾಗಿದ್ದರೆ ಪ್ರತ್ಯಯವು ಲೋಪವಾಗಬಹುದು, ಇಲಚ್ ಪ್ರತ್ಯಯವೂ ಬರಬಹುದು ಎಂದು ವಿಶೇಷವಿಧಿಯಿದೆ. ಇದರಿಂದ ನೊರಜುಗಲ್ಲಿನ ನೆಲಕ್ಕೆ ಶರ್ಕರಾ, ಶರ್ಕರಿಲ, ಶಾರ್ಕರ, ಶರ್ಕರಾವತ್ ಎಂಬ ರೂಪಗಳು ಸಿದ್ಧಿಸುತ್ತವೆ. ಅಮರಸಿಂಹನು ಈ ವಿಧಿಯನ್ನನುಸರಿಸಿ ನೊರಜುನೆಲದ ಪದಗಳನ್ನು ಕಂಠೋಕ್ತವಾಗಿ ಹೇಳಿ, ಮರಳುನೆಲದ ಪದಗಳನ್ನು ಅದರಂತೆಯೇ ಊಹಿಸಿಕೊಳ್ಳಬೇಕೆಂದು ಬಿಟ್ಟಿರುವುದು ಗಮನಾರ್ಹವು. ಕೋಶಕಾರನು ಮುಂದಿಟ್ಟುದು ಶರ್ಕರೆಯನ್ನು, ಊಹೆಗೆ ಬಿಟ್ಟುದು ಮರಳನ್ನು. ಇಂದಿನ ಬಳಕೆಯಲ್ಲಿ ಮರಳೊಂದೇ ಉಳಿದು ಶರ್ಕರೆಯು ಊಹೆಗೂ ನಿಲುಕದಂತಾಗಿದೆ. ಕಾಳಿನ ಆಕಾರಸಾದೃಶ್ಯದಿಂದ ಸಿಹಿಯಾದ ದ್ರವ್ಯಕ್ಕೆ ಸಂದ ಆ ಶಬ್ದವು ‘ಸಕ್ಕರೆ’ಯಾಗಿ ಕನ್ನಡದ ಮನೆಮನೆಯಲ್ಲಿದೆ, ಅದರ ಮೂಲಾರ್ಥವಾದ ಕಲ್ಲುಹರಳು ಮಾತ್ರ ಮರೆತುಹೋಗಿದೆ.

ವೈದ್ಯಶಾಸ್ತ್ರದ ಸಾಕ್ಷ್ಯವು ಇನ್ನೂ ಸ್ಪಷ್ಟವಾಗಿದೆ. ಚರಕಸಂಹಿತೆಯ ಕಲ್ಪಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಜಾಂಗಲ, ಆನೂಪ, ಸಾಧಾರಣವೆಂದು ದೇಶವನ್ನು ಮೂರಾಗಿ ವಿಂಗಡಿಸಿ, ಒಣದೇಶವಾದ ಜಾಂಗಲದ ನೆಲದಲ್ಲಿ ಮರಳೂ ನೊರಜುಗಲ್ಲೂ ಹೇರಳವೆಂದೂ ಅದರ ಮೇಲೆ ಮೃಗತೃಷ್ಣಿಕೆಯು ಹಬ್ಬಿರುವುದೆಂದೂ ವರ್ಣಿಸಲಾಗಿದೆ. ಬಿಸಿಲ್ಗುದುರೆಗೆ ಮರಳೇ ಆಗಬೇಕೆಂದಿಲ್ಲ, ಕಾದ ನೆಲವಾದರೆ ಸಾಕೆಂಬುದು ಆ ಗ್ರಂಥಕಾರನಿಗೆ ಗೊತ್ತಿದ್ದಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಮರುವಿನಲ್ಲಿ ಮರಳನ್ನೇ ವರ್ಣಿಸುವುದು ಕವಿಸಮಯವಾಗಬಾರದೇಕೆ? ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಸಮಯಗಳನ್ನು ವಿವರಿಸುತ್ತ, ಇರುವುದನ್ನು ಹೇಳದೆ ಬಿಡುವುದು, ಹಲವೆಡೆಯಿರುವುದನ್ನು ಒಂದೆಡೆಗೇ ನಿಯಮಿಸುವುದು ಎಂಬ ಪ್ರಕಾರಗಳನ್ನು ಒಪ್ಪಿದ್ದಾನೆ. ಗಂಧದ ಮರಕ್ಕೆ ಮಲಯಪರ್ವತವೇ, ಮುತ್ತಿಗೆ ತಾಮ್ರಪರ್ಣಿಯೇ ಎಂಬಂತೆ ಮರುವಿಗೆ ಮರಳೇ ಎಂದರೆ ತಪ್ಪೇನು? ಈ ಆಕ್ಷೇಪಕ್ಕೆ ಸಮಾಧಾನವು ರಾಜಶೇಖರನ ಲಕ್ಷಣದಲ್ಲಿಯೇ ಇದೆ. ಕವಿಸಮಯವು ಅಶಾಸ್ತ್ರೀಯವೂ ಅಲೌಕಿಕವೂ ಆದ ಅರ್ಥವೆಂದು ಆತನು ಹೇಳಿರುವನು. ಅಶಾಸ್ತ್ರೀಯವಾದುದು ಶಾಸ್ತ್ರದಲ್ಲಿ ಪ್ರಮಾಣವಾಗಲಾರದು. ಮೇಲಾಗಿ ಭಾರತದ ಮಹಾಮರುವಾದ ಥಾರಿನಲ್ಲಿ ಮರಳಿನ ದಿಬ್ಬಗಳು ನಿಜವಾಗಿಯೂ ವಿಪುಲವಾಗಿರುವುದರಿಂದ ಕವಿಯ ವರ್ಣನೆಯು ಅಲ್ಲಿ ಯಥಾರ್ಥವೇ ಆಗಿದೆ. ದೋಷವು ಕವಿಯದಲ್ಲ; ಒಂದು ಮರುವಿನ ಗುಣವನ್ನು ಮರುಮಾತ್ರಕ್ಕೆ ಆರೋಪಿಸಿದ ಗದ್ಯದ್ದು. ಆಲಂಕಾರಿಕರು ಹೇಳಿದ ದೇಶವಿರೋಧವು ಕಾವ್ಯಕ್ಕೇ ದೋಷವಾಗಿರುವಾಗ, ಭೂಗೋಳವನ್ನು ಕಲಿಸುವ ಪಾಠಕ್ಕೆ ಅದು ಕ್ಷಮ್ಯವಾಗುವುದೆಂತು?

ಇನ್ನು ವಸ್ತುವನ್ನು ನೋಡಬೇಕು. ಜಗತ್ತಿನ ಮರುಭೂಮಿಗಳಲ್ಲಿ ಮರಳು ಮುಚ್ಚಿರುವ ಭಾಗವು ಸ್ಥೂಲವಾಗಿ ಐದರಲ್ಲೊಂದು ಪಾಲು. ಉತ್ತರ ಅಮೆರಿಕದಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಉಳಿದುದರಲ್ಲಿ ಬಂಡೆಯೂ ನೊರಜುನೆಲವೂ ಹೆಚ್ಚು. ಈ ನೊರಜುನೆಲದ ಒಂದು ಮುಖ್ಯ ಜನ್ಮಸ್ಥಾನವು ಬೆಟ್ಟವು ಬಯಲನ್ನು ಕೂಡುವ ಸಂಧಿಯಲ್ಲಿದೆ. ಒಣಬೆಟ್ಟದ ಮೇಲೆ ಅಪರೂಪಕ್ಕೊಮ್ಮೆ ಜೋರಾಗಿ ಮಳೆ ಸುರಿದಾಗ ಇಕ್ಕಟ್ಟಾದ ಕಣಿವೆಯಲ್ಲಿ ಹುಚ್ಚುಹೊನಲು ಕಲ್ಲುಗಳನ್ನು ಉರುಳಿಸಿಕೊಂಡು ಬರುತ್ತದೆ. ಕಣಿವೆಯ ಬಾಯಿಂದ ಹೊರಬಿದ್ದೊಡನೆ ಅದು ಹರಡಿ, ಆಳವನ್ನೂ ವೇಗವನ್ನೂ ಕಳೆದುಕೊಂಡು, ಹೊತ್ತುದನ್ನು ಇಳಿಸುತ್ತದೆ: ಗುಂಡುಕಲ್ಲುಗಳು ಬಾಯಿಯ ಹತ್ತಿರ, ನೊರಜುಗಲ್ಲು ಅದರ ಮುಂದೆ, ಮರಳೂ ಒಂಡೂ ಅಂಚಿನಲ್ಲಿ. ಪ್ರತಿಸಲವೂ ಕಾಲುವೆಯು ದಿಕ್ಕು ಬದಲಿಸುವುದರಿಂದ ಈ ನಿಕ್ಷೇಪವು ಬಿಚ್ಚಿದ ಬೀಸಣಿಗೆಯ ಆಕಾರವನ್ನು ತಾಳುತ್ತದೆ. ಕನ್ನಡದಲ್ಲಿ ಇದಕ್ಕೆ ‘ಮೆಕ್ಕಲು ಬೀಸಣಿಗೆ’ ಎಂದು ಹೆಸರಿಟ್ಟಿರುವರು. ಬೀಸಣಿಗೆಯೆಂಬ ಭಾಗವು ಸುಂದರವೂ ಯಥಾರ್ಥವೂ ಆಗಿದೆ. ‘ಮೆಕ್ಕಲು’ ಎಂಬುದು ಮಾತ್ರ ಹೊಳೆಯ ದಡದ ನುಣ್ಣನೆಯ ಫಲವತ್ತಾದ ಮಣ್ಣನ್ನು ನೆನಪಿಗೆ ತಂದು, ಕಲ್ಲಿನ ರಾಶಿಯನ್ನು ಮತ್ತೊಮ್ಮೆ ಮರೆಸುತ್ತದೆ. ಹೀಗೆ ಒಂದೇ ವಸ್ತುವನ್ನು ಎರಡು ಪದಗಳು ಎರಡು ಕಡೆಯಿಂದ ಮುಚ್ಚಿವೆ.

ಈ ನೆಲದ ಗುಣಗಳೇನೆಂಬುದನ್ನು ಅಮೆರಿಕದ ನ್ಯೂ ಮೆಕ್ಸಿಕೊ ಸಂಸ್ಥಾನದ ಲಾಸ್ ಕ್ರೂಸಸ್ ಪಟ್ಟಣದ ಸುತ್ತಿನ ಪ್ರದೇಶದಲ್ಲಿ 1957ರಿಂದ 1972ರವರೆಗೆ ಮಣ್ಣಿನ ವಿದ್ವಾಂಸರು ಕೂಲಂಕಷವಾಗಿ ಪರಿಶೀಲಿಸಿದರು. ಮಣ್ಣಿನ ಘನಗಾತ್ರದಲ್ಲಿ 2 ಮಿಲಿಮೀಟರಿಗಿಂತ ದಪ್ಪನಾದ ಹರಳು ನೂರಕ್ಕೆ 15ನ್ನು ಮುಟ್ಟಿದರೆ ಅದು ನೊರಜುಮಣ್ಣು. ಕಲ್ಲು ನೂರಕ್ಕೆ 35ನ್ನು ಮುಟ್ಟಿದರೆ ಅದನ್ನು ಅಸ್ಥಿಪಂಜರದ ಹೆಸರಿನಿಂದಲೇ ಕರೆಯುವುದು ಅಲ್ಲಿನ ಶಾಸ್ತ್ರದ ರೂಢಿ. ಇಂಥ ಮಣ್ಣು ತಿಳಿಬಣ್ಣದ್ದು, ಸಸ್ಯಾಂಶವು ಅತ್ಯಲ್ಪ, ಸುಣ್ಣದ ದೆಸೆಯಿಂದ ಕ್ಷಾರಗುಣವುಳ್ಳದ್ದು. ಹೊಸದಾಗಿದ್ದಾಗ ನೀರನ್ನು ಬೇಗನೆ ಒಳಗೆ ಬಿಡುವುದು, ಆದರೆ ಕಲ್ಲಿನ ಪಾಲು ಹೆಚ್ಚಾದುದರಿಂದ ಹಿಡಿದಿಡುವುದು ಸ್ವಲ್ಪ. ಕಾಲಕ್ರಮದಲ್ಲಿ ಗಾಳಿಯ ಧೂಳಿನಿಂದಲೂ ಮಳೆಯ ನೀರಿನಿಂದಲೂ ಬಂದ ಸುಣ್ಣವು ಒಳಗಿಳಿದು ನಿಲ್ಲುತ್ತದೆ. ಲೀಲೆಂಡ್ ಗೈಲ್, ಫ್ರೆಡರಿಕ್ ಪೀಟರ್ಸನ್, ರಾಬರ್ಟ್ ಗ್ರಾಸ್‌ಮನ್ ಎಂಬ ವಿದ್ವಾಂಸರು 1966ರಲ್ಲಿ ಇದರ ನಾಲ್ಕು ಅವಸ್ಥೆಗಳನ್ನು ನಿರೂಪಿಸಿದರು. ನೊರಜುಮಣ್ಣಿನಲ್ಲಿ ಮೊದಲು ಹರಳುಗಳಿಗೆ ತೆಳುವಾದ ಅರೆಲೇಪ. ಅನಂತರ ಪ್ರತಿ ಹರಳಿಗೂ ಪೂರ್ಣಲೇಪ. ಮೂರನೆಯದರಲ್ಲಿ ಹರಳುಗಳ ನಡುವಣ ಸಂದುಗಳೆಲ್ಲ ಮುಚ್ಚಿ ಗಾರೆಯಂತಾಗುವುದು. ನಾಲ್ಕನೆಯದರಲ್ಲಿ ಆ ಗಾರೆಯ ಮೇಲೆ ಪದರಪದರವಾದ ಸುಣ್ಣದ ಹಾಸು. ಕಲ್ಲು ಜಾಗವನ್ನು ಆಕ್ರಮಿಸಿರುವ ಕಾರಣ ತುಂಬಬೇಕಾದ ಸಂದು ಕಡಿಮೆಯಾಗಿ, ನೊರಜಿಲ್ಲದ ಮಣ್ಣಿಗಿಂತ ನೊರಜುಮಣ್ಣು ಈ ಅವಸ್ಥೆಗಳನ್ನು ಬೇಗನೆ ದಾಟುತ್ತದೆಂಬುದೂ ಅವರ ನಿರ್ಣಯವು.

ಮೇಲ್ಮೈಯ ಸ್ಥಿತಿಯು ಇನ್ನೂ ವಿಚಿತ್ರವು. ಹಳೆಯ ಬೀಸಣಿಗೆಯ ಮೇಲೆ ಹರಳುಗಳು ಒಂದೇ ಪದರವಾಗಿ ಒತ್ತೊತ್ತಾಗಿ ಕೂತು ಕಲ್ಲುಹಾಸಿನಂತೆ ಕಾಣುವುವು. ಮ್ಯಾಂಗನೀಸ್ ಮತ್ತು ಕಬ್ಬಿಣದ ಅಂಶದಿಂದ ಅವುಗಳಿಗೆ ಕಪ್ಪು ಮೆರುಗು ಬಂದಿರುವುದು. ಗಾಳಿಯು ನುಣ್ಣನೆಯ ಮಣ್ಣನ್ನು ಹೊತ್ತುಹೋಗಿ ಕಲ್ಲನ್ನು ಉಳಿಸಿತೆಂದು ಬಹುಕಾಲ ಹೇಳುತ್ತಿದ್ದರು. ಮೊಹಾವಿ ಮರುಭೂಮಿಯ ಲಾವಾಪ್ರವಾಹಗಳ ಮೇಲಣ ಕಲ್ಲುಹಾಸನ್ನು ಪರೀಕ್ಷಿಸಿದ ಮೆಕ್‌ಫ್ಯಾಡನ್ ಮೊದಲಾದವರು 1987ರಲ್ಲಿ ಇದಕ್ಕೆ ವಿಪರೀತವಾದುದನ್ನು ತೋರಿಸಿದರು: ಗಾಳಿಯು ತಂದ ಧೂಳು ಕಲ್ಲುಗಳ ಸಂದಿನಲ್ಲಿಳಿದು ಕೆಳಗೆ ಶೇಖರವಾಗುತ್ತ, ಕಲ್ಲುಗಳನ್ನು ಮೇಲಕ್ಕೇ ಎತ್ತಿಹಿಡಿಯುವುದು. ಆ ಧೂಳಿನ ಪದರವು ಗುಳ್ಳೆಗುಳ್ಳೆಯಾಗಿ ಗಟ್ಟಿಗೊಂಡು ಮಳೆಯ ನೀರು ಒಳಗಿಳಿಯದಂತೆ ತಡೆಯುತ್ತದೆ. ಆದುದರಿಂದ ಹೊಸ ನೊರಜುನೆಲವು ನೀರನ್ನು ಕುಡಿಯುವುದು, ಹಳೆಯದು ಹೊರಕ್ಕೆ ದೂಡುವುದು. ಮರಳಿನ ಮೇಲಣ ಹೆಜ್ಜೆಯು ಸಂಜೆಯೊಳಗೆ ಅಳಿಸಿಹೋದೀತು. ಮೊಹಾವಿಯ ಕಲ್ಲುಹಾಸಿನ ಮೇಲೆ 1942ರಿಂದ 1944ರವರೆಗೆ ಯುದ್ಧಾಭ್ಯಾಸ ಮಾಡಿದ ಟ್ಯಾಂಕುಗಳ ಜಾಡು ದಶಕಗಳು ಕಳೆದರೂ ಅಳಿದಿಲ್ಲ.

ಇಷ್ಟರಿಂದ ವ್ಯಕ್ತವಾಗುವುದೇನೆಂದರೆ, ಮರಳುದಿಬ್ಬವು ಗಾಳಿಯ ಕೃತಿ, ನೊರಜಿನ ಬೀಸಣಿಗೆಯು ನೀರಿನ ಕೃತಿ. ‘ಮರಳುಗಾಡು’ ಎಂದಾಗ ಮರುಭೂಮಿಯಿಂದ ಬಿಟ್ಟುಹೋಗುವುದು ಕಲ್ಲೊಂದೇ ಅಲ್ಲ, ನೀರಿನ ನೆನಪೇ ಬಿಟ್ಟುಹೋಗುವುದು. ಇದು ಕೇವಲ ಪಂಡಿತರ ಚರ್ಚೆಯೆಂದು ತಳ್ಳುವಂತಿಲ್ಲ. ಹಿಮಾಲಯದಾಚೆಯ ಒಣದೇಶವಾದ ಲಡಾಖಿನ ಲೇಹ್ ಪಟ್ಟಣವು ಇಂಥದೊಂದು ಬೀಸಣಿಗೆಯ ಮೇಲೆಯೇ ಕೂತಿದೆ. 2010ನೆಯ ಆಗಸ್ಟ್ ತಿಂಗಳ 5ನೆಯ ರಾತ್ರಿ ಸುರಿದ ಮಳೆಯಿಂದ ಕಲ್ಲುಮಣ್ಣಿನ ಹೊನಲು ಲೇಹ್, ಚೋಗ್ಲಮ್‌ಸರ್ ಮೊದಲಾದೆಡೆ ನುಗ್ಗಿ ಇನ್ನೂರಕ್ಕೂ ಮಿಕ್ಕ ಜನರು ಮಡಿದರು. ಮರುವಿನಲ್ಲಿ ನೀರಿನಿಂದ ಸಾವು ಎಂಬುದು ಮರಳುಗಾಡಿನ ಚಿತ್ರವೊಂದನ್ನೇ ಕಲಿತವನಿಗೆ ಅಸಂಗತವಾಗಿ ತೋರುವುದು. ಕಾಲಡಿಯ ನೊರಜನ್ನು ಓದಬಲ್ಲವನಿಗೆ ಆ ನೆಲವೇ ಹಿಂದಣ ಇಂಥ ಅನೇಕ ಹೊನಲುಗಳ ಲೇಖವು. ನೀರಿಲ್ಲದೆ ಸಾಯುವ ಸ್ಥಳವೆಂಬ ವ್ಯುತ್ಪತ್ತಿಯಂತೂ ಇದರಿಂದ ಸುಳ್ಳಾಗುವುದಿಲ್ಲ. ನೀರು ಅಪರೂಪವಾದಷ್ಟೂ ಅದರ ಬರವು ಉಗ್ರವೆಂಬುದು ಅದಕ್ಕೆ ಪೂರಕವಾಗಿ ನಿಲ್ಲುತ್ತದೆ.

ಮರುಶಬ್ದಕ್ಕೆ ಪರ್ವತಾರ್ಥವನ್ನು ಕೊಟ್ಟ ಅಮರಸಿಂಹನು ಬೆಟ್ಟಕ್ಕೂ ಒಣಬಯಲಿಗೂ ಇರುವ ಈ ಜನ್ಯಜನಕಭಾವವನ್ನು ಕಂಡಿದ್ದನೆಂದು ಹೇಳುವುದು ಸಾಹಸವಾದೀತು. ಕೋಶದಲ್ಲಿಲ್ಲದುದನ್ನು ಕೋಶದ ಮೇಲೆ ಹೇರುವುದು ವಿಮರ್ಶೆಯ ಧರ್ಮವಲ್ಲ. ಆದರೆ ಆತನು ಬೇರೆಬೇರೆಯಾಗಿ ಇಟ್ಟ ಪದಗಳನ್ನು ಒಂದಾಗಿ ಕಲಸುವುದೂ ಧರ್ಮವಲ್ಲ. ಆದುದರಿಂದ ಸಾಮಾನ್ಯಾರ್ಥದಲ್ಲಿ ‘ಮರುಭೂಮಿ’ಯೇ ಇರಲಿ, ಮರಳು ಕವಿದ ಮರುವಿಗೆ ಮಾತ್ರ ‘ಮರಳುಗಾಡು’ ಸಲ್ಲಲಿ, ಹರಳು ಕವಿದುದಕ್ಕೆ ‘ನೊರಜುನೆಲ’ವೆಂದೋ, ಶಾಸ್ತ್ರಗ್ರಂಥಗಳಲ್ಲಿ ‘ಶರ್ಕರಿಲ’ವೆಂದೋ ವ್ಯವಹಾರವಾಗಲಿ. ಹೊಸಪದಗಳನ್ನು ಹುಟ್ಟಿಸುವ ಶ್ರಮವೂ ಇಲ್ಲಿಲ್ಲ. ಪಾಣಿನಿಯ ಕಾಲದಿಂದ ಬಂದ ಒಂದು ವಿವೇಕವನ್ನು ಪಾಠಶಾಲೆಯಲ್ಲಿ ಮತ್ತೆ ಬಾಯಿಗೆ ತಂದುಕೊಂಡರೆ ಸಾಕು.